ಹರಿಕೇನಿನ ಹೊಟ್ಟೆಗೊಂದು ಹಳದಿ ಪಟ್ಟೆ

ಹೊಸಕಟ್ಟೆ ಅಂತ ಒಂದು ಊರು. ಆ ಊರಲ್ಲಿ ಪದ್ಮರಾಜಯ್ಯ ಅಂತ ಒಬ್ಬರು ಮೇಷ್ಟ್ರು. ಹೈಸ್ಕೂಲಲ್ಲಿ ಮಕ್ಕಳಿಗೆ ಮರಗೆಲಸ ಕಲಿಸ್ತಿದ್ದೋರು. ರಿಟೈರಾದ ಮೇಲೆ ಒಂದೇ ಕೆಲಸ ಹಿಡಿದ್ರು: ಯುದ್ಧವಿಮಾನ ಹಾರಿಸೋದು.

ಹೆದರ್ಕೋಬೇಡಿ ಮಕ್ಕಳೇ, ನಿಜವಾದ್ದಲ್ಲ. ಬಾಲ್ಸಾ ಅಂತ ಒಂದು ಮರ ಬರುತ್ತೆ, ಹತ್ತಿಯಷ್ಟು ಹಗುರ. ಅದರಲ್ಲಿ ಕಟ್ಟಿದ್ದು. ಹಂಗಂತ ಆಟದ ಸಾಮಾನು ಅಂದ್ಕೊಂಡೀರಿ ಮತ್ತೆ. ರೆಕ್ಕೆ ಈ ತುದಿಯಿಂದ ಆ ತುದಿಗೆ ಮಂಚಕ್ಕಿಂತ ಉದ್ದ. ಮೂತೀಲಿ ಪೆಟ್ರೋಲ್ ಇಂಜಿನ್. ಅದರ ಸದ್ದಿಗೆ ಸುತ್ತ ಮೂರು ಊರಿನ ಎಮ್ಮೆಗಳು ಹಾಲು ಕೊಡೋದು ನಿಲ್ಲಿಸಿ, ಇಂಜಿನ್ ನಿಂತ ಮೇಲೇ ಸೊರ ಬಿಡ್ತಿದ್ವು. ನೆಲದ ಮೇಲೆ ನಿಂತು ರಿಮೋಟಿನ ಎರಡು ಕಡ್ಡಿ ಅಲ್ಲಾಡಿಸಿದ್ರೆ ಸಾಕು, ಆಕಾಶದಲ್ಲಿ ಅದು ಹದ್ದಿನ ಹಂಗೆ ತಿರುಗೋದು.

ಮೇಷ್ಟ್ರ ಕೈ ಅಂದ್ರೆ ಎಂಥಾ ಕೈ! ಒಂದು ಸಲ ಬಯಲಲ್ಲಿ ಕುರಿ ಕಾಯೋನೊಬ್ಬ ಬೀಡಿ ಸೇದ್ತಾ ಕೂತಿದ್ದ. ಮೇಷ್ಟ್ರು ವಿಮಾನಾನ ಕೆಳಗಿಳಿಸಿ, ಚಕ್ರದಲ್ಲೇ ಬೀಡಿ ಬೂದಿ ಕೊಡವಿ, ಮತ್ತೆ ಮೇಲಕ್ಕೆತ್ತಿಕೊಂಡು ಹೋದ್ರು. ಪಾಪ, ಅವನಿಗೆ ಗೊತ್ತಾಗಿದ್ದೇ ಸಂಜೆ, ಹೆಂಡತಿ ಕೇಳಿದಾಗ: "ಇದೇನ್ರೀ, ಮೀಸೆ ಒಂದೇ ಕಡೆ ಐತಲ್ಲ?"

ಇಂಥಾ ಮೇಷ್ಟ್ರಿಗೆ ಒಬ್ಬ ಶಿಷ್ಯ. ಹೆಸರು ರಂಗಧಾಮ. ಮೂವತ್ತೈದು ದಾಟಿದ ಆಳು, ಕಸುಬು ಲಾರಿಗೆ ಬಣ್ಣ ಹೊಡೆಯೋದು. ಲಾರಿ ಹಿಂದುಗಡೆ ಅವನು ಒಂದು ನವಿಲು ಬರೆದ್ರೆ ಮಳೆಗಾಲದಲ್ಲಿ ಅದು ಕೂಗೋದು ಅಂತ ಡ್ರೈವರುಗಳು ಆಣೆ ಮಾಡಿ ಹೇಳ್ತಿದ್ರು. ಬರೆದಾದ ಮೇಲೆ ಮೂಲೇಲಿ ಸಣ್ಣಕ್ಷರದಲ್ಲಿ 'ರಂಗ ಆರ್ಟ್ಸ್' ಅಂತ ರುಜು ಹಾಕ್ತಿದ್ದ. ಲಾರಿ ಹೋದ ಊರಿಗೆಲ್ಲ ಆ ಹೆಸರು ಹೋಗ್ತಿತ್ತು.

ಸಂಜೆ ಆದ್ರೆ ಮೇಷ್ಟ್ರ ಮನೆ ಹಿತ್ತಲು. ಅಲ್ಲಿ ವಿಮಾನದ ಪಕ್ಕೆಲುಬು ಕತ್ತರಿಸೋದು, ಅಂಟಿಸೋದು, ಉಜ್ಜೋದು, ಬಣ್ಣ ಹೊಡೆಯೋದು, ಎಲ್ಲಾ ರಂಗಧಾಮಂದೇ. ಹಾರಿಸೋದು ಮಾತ್ರ ಮೇಷ್ಟ್ರು. ಅವ್ರದೊಂದು ಕಟ್ಟಳೆ. ಕಟ್ಟಿದೋನು ತನ್ನ ವಿಮಾನಾನ ತಾನೇ ಮೊದಲ ಸಲ ಹಾರಿಸಬಾರದು, ಕೈ ನಡುಗುತ್ತೆ.

"ಹೆರೋಳೇ ಸೂಲಗಿತ್ತಿ ಆಗೋಕಾಗುತ್ತೇನೋ?" ಅನ್ನೋರು.

ಇನ್ನೊಂದು ಕಟ್ಟಳೆನೂ ಇತ್ತು. ಹಾರಿಸೋನ ಭುಜಕ್ಕೆ ಭುಜ ತಾಗಿಸಿ ಒಬ್ಬ ನಿಲ್ಲಬೇಕು. ಅವನ ಕಣ್ಣು ವಿಮಾನದ ಮೇಲಿಂದ ಕದಲಬಾರದು. 'ಹೋಗ್ತಾ ಇದೆ, ವಾಲ್ತಾ ಇದೆ, ಬರ್ತಾ ಇದೆ' ಅಂತ ಹೇಳ್ತಾ ಇರಬೇಕು. ಯಾಕೆ ಗೊತ್ತಾ? ನಮ್ಮಿಂದ ದೂರ ಹೋಗೋ ವಿಮಾನಕ್ಕೆ ನಮ್ಮ ಬಲಗಡೆಯೇ ಬಲಗಡೆ. ತಿರುಗಿ ನಮ್ಮ ಕಡೆ ಬರೋದಕ್ಕೆ ಎಡಬಲ ಅದಲುಬದಲು. ಹೋಗ್ತಾ ಇರೋದನ್ನ ಬರ್ತಾ ಇದೆ ಅಂದ್ಕೊಂಡು ಕಡ್ಡಿ ಒತ್ತಿದ್ರೆ ಮುಗೀತು, ಮಗುಚ್ಕೊಂಡು ನೆಲಕ್ಕೆ. ಹಂಗಾಗಿ ಪಕ್ಕ ನಿಂತೋನ ಬಾಯಿಮಾತು ಹಾರಿಸೋನಿಗೆ ಇನ್ನೊಂದು ಜೊತೆ ಕಣ್ಣು ಇದ್ದಂಗೆ. ಎಷ್ಟೋ ವರ್ಷದಿಂದ ಆ ಜಾಗ ರಂಗಧಾಮಂದೇ.

ಆದ್ರೆ ಅವನ ಎದೇಲಿ ಒಂದು ಮುಳ್ಳಿತ್ತು. ವಿಮಾನ ಇಳಿದ ತಕ್ಷಣ ಜನ ಓಡಿ ಬಂದು ಮೇಷ್ಟ್ರ ಕೈ ಕುಲುಕೋರು. "ಏನ್ ಮೇಷ್ಟ್ರೇ ನಿಮ್ಮ ವಿಮಾನ!" ಅನ್ನೋರು. ಬಣ್ಣ ಮೆತ್ತಿಕೊಂಡ ಉಗುರನ್ನ ಜೇಬಲ್ಲಿಟ್ಟುಕೊಂಡು ರಂಗಧಾಮ ಪಕ್ಕದಲ್ಲೇ ನಿಂತಿರೋನು. ಮೇಷ್ಟ್ರು, "ಕಟ್ಟಿದ್ದು ಇವನು ಕಣ್ರಯ್ಯ" ಅಂತ ಹೇಳೋರೇ. ಜನ "ಓಹೋ" ಅಂದು ಮತ್ತೆ ಮೇಷ್ಟ್ರ ಕೈನೇ ಕುಲುಕೋರು. ಲಾರೀಲಿದ್ದ ರುಜು ಆಕಾಶದಲ್ಲಿ ಇರಲಿಲ್ಲ.

ಒಂದು ವರ್ಷ ಜಿಲ್ಲೆಗೇ ದೊಡ್ಡದಾದ ಪಂದ್ಯ ಅಂತ ಸುದ್ದಿ ಬಂತು. ಬರೀ ಹಾರಾಟ ಅಲ್ಲ. ಮೊದಲು ವಿಮಾನಾನ ನೆಲದ ಮೇಲಿಟ್ಟು, ಅಸಲಿ ಯುದ್ಧವಿಮಾನದ ಫೋಟೋ ಪಕ್ಕ ಹಿಡಿದು ತಾಳೆ ನೋಡ್ತಾರೆ. ಫೋಟೋದಲ್ಲಿ ಇಲ್ಲದ್ದು ಒಂದು ಗೆರೆ ಇದ್ರೂ ಅಂಕ ಕಟ್. ಕಟ್ಟಿದೋನ ಹೆಸರನ್ನ ಮೈಕಲ್ಲಿ ಕೂಗ್ತಾರೆ.

ಕಟ್ಟಿದೋನ ಹೆಸರು! ರಂಗಧಾಮನ ಮೈ ಜುಮ್ಮಂತು. ಇಷ್ಟು ಸಾಕಿತ್ತು ಅವನಿಗೆ.

ಮಹಾಯುದ್ಧದ ಕಾಲದ ಹರಿಕೇನ್ ಅನ್ನೋ ವಿಮಾನಾನ ಆರಿಸ್ಕೊಂಡ. ಉಸಿರು ಬಿಗಿಹಿಡಿದು ಕೂತು ಕಟ್ಟಿದ. ಮೈಮೇಲೆ ಗಾಜಿನ ಎಳೆಯಲ್ಲಿ ನೇಯ್ದ ತೆಳು ಬಟ್ಟೆ ಹೊದಿಸಿ, ರಾಳ ಬಳಿದು, ವಾಟರ್ ಪೇಪರಲ್ಲಿ ಉಜ್ಜಿದ. ಎಷ್ಟು ನುಣುಪು ಅಂದ್ರೆ ಕೂತ ನೊಣ ಜಾರಿ ಬಿದ್ದು ಕಾಲು ಮುರ್ಕೊಂಡಿತು. ಇಂಜೆಕ್ಷನ್ ಸೂಜೀಲಿ ಅಂಟಿನ ಒಂದೊಂದೇ ಹನಿ ಇಟ್ಟು, ತಗಡು ಕೂಡಿಸೋ ಮೊಳೆತಲೆ ಥರ ರಿವೆಟ್ ಮಾಡಿದ. ಅದನ್ನ ನೋಡಿದ ಬೀದಿ ಕೊನೆ ಕಮ್ಮಾರ, "ಈ ಸಾಲು ಸ್ವಲ್ಪ ಸಡಿಲ ಐತೆ ಕಣಪ್ಪ" ಅಂತ ಸುತ್ತಿಗೆ ಹಿಡ್ಕೊಂಡೇ ಬಂದುಬಿಟ್ಟ.

ಇನ್ನು ಬಣ್ಣ. ಮೇಲುಗಡೆ ಮಣ್ಣಿನ ಕಂದು, ಎಲೆ ಹಸಿರು, ತೇಪೆ ತೇಪೆ. ಮೇಲಿಂದ ನೋಡಿದ ಶತ್ರುವಿಗೆ ಇದು ಕಾಡೋ ಹೊಲವೋ ಗೊತ್ತಾಗಬಾರದು. ಹೊಟ್ಟೆ ಕಡೆ ಆಕಾಶದ ತಿಳಿ ಬೂದಿ ಬಣ್ಣ. ಕೆಳಗಿಂದ ನೋಡಿದೋನಿಗೆ ವಿಮಾನ ಇದೆ ಅಂತಲೇ ಕಾಣಬಾರದು. ಯುದ್ಧದಲ್ಲಿ ಹಂಗೇ ಬಳಿಯೋರು, ರಂಗಧಾಮನೂ ಹಂಗೇ ಬಳಿದ. ಬಳಿದು ಹಿತ್ತಲಲ್ಲಿ ಒಣಗೋಕಿಟ್ಟು, ಒಳಗೆ ಹೋಗಿ ನೀರು ಕುಡಿದು ಬಂದ್ರೆ ವಿಮಾನವೇ ಇಲ್ಲ! ಅಯ್ಯೋ ಕಳ್ಳರು ಅಂತ ಬಾಯಿ ಬಡ್ಕೊಂಡ. ಕೊನೆಗೆ ಸಿಕ್ಕಿದ್ದು ಅವನೇ ಎಡವಿ ಬಿದ್ದಾಗ.

ಮೇಷ್ಟ್ರು ಹತ್ರ ಬಂದು, ಮೂಗು ತಾಗೋ ಹಂಗೆ ಬಗ್ಗಿ, ಅಂಗೈಯಲ್ಲಿ ಸವರಿ ಸವರಿ ನೋಡಿದ್ರು.

"ಎಲಾ ಇವನ! ರಂಗಾ, ನಾನು ಕಲಿಸಿದ್ದು ಇಷ್ಟಲ್ಲ ಕಣೋ. ಇದು ನಿಂದೇ." ಅಂದ್ರು. ಆಮೇಲೆ ತಲೆ ಕೆರ್ಕೊಂಡು, "ಒಂದು ಕೆಲಸ ಮಾಡು. ರೆಕ್ಕೆ ಹೊಟ್ಟೆಗೆ ಅಡ್ಡಡ್ಡ ಒಂದು ಹಳದಿ ಪಟ್ಟೆ ಎಳೆದುಬಿಡು."

"ಫೋಟೋದಲ್ಲಿ ಇಲ್ಲವಲ್ಲ ಮೇಷ್ಟ್ರೇ."

"ಇರ್ಲಿ ಬಿಡೋ, ಮದುವೆ ಹೆಣ್ಣಿಗೆ ಅರಿಶಿನ ಬೇಡ್ವೇ?"

"ಇದು ಯುದ್ಧಕ್ಕೆ ಹೊರಟಿರೋ ಗಂಡು ಮೇಷ್ಟ್ರೇ," ಅಂತ ನಕ್ಕ ರಂಗಧಾಮ. ಮೇಷ್ಟ್ರೂ ನಕ್ಕರು.

ವಾರ ಕಳೀತು. ಮೇಷ್ಟ್ರು ಮತ್ತೆ ಬಂದ್ರು. "ಅಲ್ಲ ಕಣೋ, ನನ್ನ ಹಳೇ ವಿಮಾನಗಳಿಗೆಲ್ಲ ಹುಲಿವೇಷದ ಥರ ಪಟ್ಟೆ ಹಾಕಿಸ್ತಿದ್ನಲ್ಲ, ಒಂದಾದ್ರೂ ಬಿತ್ತಾ? ಪಟ್ಟೆ ನಮಗೆ ಆಗಿಬರುತ್ತೆ."

"ಮೇಷ್ಟ್ರೇ, ನಿಮ್ಮ ವಿಮಾನಗಳು ಹುಲಿವೇಷ. ಇದು ಅಸಲಿ ಹುಲಿ."

ಮೇಷ್ಟ್ರು ಆ ಮಾತಿಗೆ ನಗಲಿಲ್ಲ. ಬೂದಿ ಬಣ್ಣದ ಹೊಟ್ಟೆ ಮೇಲೆ ಒಂದು ಸಲ ಅಂಗೈ ಸವರಿ ಹೋದ್ರು.

ಪಂದ್ಯಕ್ಕೆ ಮುಂಚಿನ ದಿನ ಮೂರನೇ ಸಲ ಕೇಳಿದ್ರು. ಈ ಸಲ ತಮಾಷೆ ಇರಲಿಲ್ಲ. "ಬಣ್ಣ ಬೇಡಪ್ಪ. ಹಳದಿ ಟೇಪು ಬರುತ್ತಲ್ಲ, ತಾಳೆ ನೋಡೋದು ಮುಗಿದ ಮೇಲೆ ಅಂಟಿಸು. ಹಾರಾಟ ಮುಗಿದ ಮೇಲೆ ಕಿತ್ತುಬಿಡೋಣ."

"ಹಾರೋವಾಗಲೂ ಅಂಕ ಹಾಕ್ತಾರೆ ಮೇಷ್ಟ್ರೇ. ಅಸಲಿ ಥರ ಕಾಣಬೇಕು. ಮೈಯೆಲ್ಲಾ ರೇಷ್ಮೆ ಉಡಿಸಿ ತಲೆಗೆ ಟವೆಲ್ ಸುತ್ತಿದ್ರೆ ಹೆಂಗಿರುತ್ತೆ ಹೇಳಿ?"

ಅಲ್ಲೇ ಕಾಫಿ ತಂದಿದ್ದ ಮೇಷ್ಟ್ರ ಹೆಂಡತಿ ಸುನಂದಮ್ಮ ಲೋಟ ಕೊಡ್ತಾ ಅಂದ್ರು: "ರಂಗಪ್ಪಾ, ಅವ್ರು ಬಾಯಿಬಿಟ್ಟು ಏನೂ ಕೇಳೋರಲ್ಲ. ಕೇಳ್ತಾ ಇದ್ದಾರಲ್ಲ, ಹಾಕಿಬಿಡಪ್ಪ."

ರಂಗಧಾಮನಿಗೆ ರೇಗಿಹೋಯ್ತು. ಎಲ್ಲರೂ ಸೇರಿ ತನ್ನ ಒಂದೇ ಒಂದು ಕೆಲಸಕ್ಕೆ ಕೈ ಹಾಕ್ತಿದ್ದಾರೆ ಅನ್ನಿಸ್ತು. "ಅಮ್ಮಾ, ಕಂಡಕಂಡಲ್ಲಿ ಅರಿಶಿನ ಬಳಿಯೋಕೆ ಇದೇನು ನಿಮ್ಮ ಮನೆ ಹೊಸ್ತಿಲಾ?" ಅಂದುಬಿಟ್ಟ.

ಸುನಂದಮ್ಮ ಗಂಡನ ಮುಖ ನೋಡಿದ್ರು. ಮೇಷ್ಟ್ರು ಬೇಡ ಅನ್ನೋ ಹಂಗೆ ಕೈ ಆಡಿಸಿದ್ರು. ಆಯಮ್ಮ ಒಳಗೆ ಹೋದ್ರು.

ನಿಮಗೆ ಗೊತ್ತಾಯ್ತು ಅಲ್ವಾ ಮಕ್ಕಳೇ? ಮೂಗು ತಾಗೋ ಹಂಗೆ ಬಗ್ಗಿ ನೋಡಿದ್ರು ಅಂದಾಗಲೇ ಗೊತ್ತಾಗಿರುತ್ತೆ. ಮೇಷ್ಟ್ರ ಕಣ್ಣು ಹೋಗ್ತಾ ಇತ್ತು. ಬಾಯಿಬಿಟ್ಟು ಹೇಳಿದ್ರೆ ರಿಮೋಟ್ ಕೈ ಬಿಟ್ಟು ಹೋಗುತ್ತೆ ಅನ್ನೋ ಭಯ ಅವರಿಗೆ. ಅದಕ್ಕೇ ಅರಿಶಿನ ಅಂದ್ರು, ಹುಲಿ ಅಂದ್ರು, ಟೇಪು ಅಂದ್ರು, ಕಣ್ಣು ಅಂತ ಮಾತ್ರ ಅನ್ನಲಿಲ್ಲ. ಬರೀ ಕತೆ ಕೇಳ್ತಾ ಕೂತಿರೋ ನಿಮಗೆ ಗೊತ್ತಾಗಿದ್ದು, ಎಷ್ಟೋ ವರ್ಷ ಭುಜಕ್ಕೆ ಭುಜ ತಾಗಿಸಿ ನಿಂತೋನಿಗೆ ಗೊತ್ತಾಗಲಿಲ್ಲ. ಅವನ ಕಣ್ಣು ಆ ಫೋಟೋ ಮೇಲಿತ್ತು.

ಪಂದ್ಯದ ದಿನ ಬಂತು. ಮಾರ್ಗಶಿರ ಮಾಸ. ಆಕಾಶ ತೊಳೆದ ಪಂಚೆ ಹಂಗೆ ಬಿಳಿಚಿಕೊಂಡಿತ್ತು. ಊರಾಚೆ ಬಯಲು, ಬಯಲಿನಾಚೆ ಎದೆಮಟ್ಟ ಬೆಳೆದ ತೊಗರಿ ಹೊಲ. ಜನ ಅಂದ್ರೆ ಜನ. ಇಲಿಗಳೂ ನಿಲ್ಲೋಕೆ ಜಾಗ ಇಲ್ಲದೆ ಒಂದರ ಮೇಲೊಂದು ನಿಂತಿದ್ವು.

ತೀರ್ಪುಗಾರರು ಮೂವರು. ಹರಿಕೇನನ್ನ ಸುತ್ತಿ ಸುತ್ತಿ ನೋಡಿದ್ರು. ಭೂತಗನ್ನಡಿ ಹಿಡಿದು ರಿವೆಟ್ ನೋಡಿದ್ರು. ಇಂಜಿನ್ ಹೊಗೆ ತಾಕಿ ಕಪ್ಪಾದ ಹಂಗೆ ಪಕ್ಕೆಯಲ್ಲಿ ರಂಗಧಾಮ ಕಪ್ಪು ಬಣ್ಣ ಸವರಿದ್ದ. ಒಬ್ಬರು ಅದನ್ನ ಒರೆಸೋಕೆ ಹೋಗಿ ಕರ್ಚೀಫು ಕೊಳೆ ಆಗಲಿಲ್ಲವಲ್ಲ ಅಂತ ಬೆರಗಾದ್ರು. ತಲೆನರೆತ ದೊಡ್ಡ ತೀರ್ಪುಗಾರರು, "ಕಟ್ಟಿದೋರು ಯಾರು?" ಅಂದ್ರು.

ಮೇಷ್ಟ್ರು ರಂಗಧಾಮನ ಬೆನ್ನಿಗೆ ಕೈ ಕೊಟ್ಟು ಮುಂದಕ್ಕೆ ತಳ್ಳಿದ್ರು. ಮೈಕಲ್ಲಿ ಕೂಗಿದ್ರು: "ರಂಗಧಾಮ, ಹೊಸಕಟ್ಟೆ!" ಬಯಲೆಲ್ಲ ಚಪ್ಪಾಳೆ. ನೆಲದ ಮೇಲಿನ ಅಂಕದಲ್ಲಿ ಅವನೇ ಮೊದಲು. ಇನ್ನು ಹಾರಾಟ ಒಂದೇ ಬಾಕಿ.

ಇಂಜಿನ್ ಚಾಲೂ ಆಯ್ತು. ಮೇಷ್ಟ್ರು ರಿಮೋಟ್ ಕೊರಳಿಗೆ ಹಾಕ್ಕೊಂಡು ಮೆಲ್ಲಗೆ ಅಂದ್ರು: "ರಂಗಾ, ಇವತ್ತು ಬಾಯಿ ಮುಚ್ಚಬೇಡ. ಕಣ್ಣು ತೆಗೀಬೇಡ. ಎಲ್ಲಾ ಹೇಳ್ತಾ ಇರು."

"ಆಯ್ತು ಮೇಷ್ಟ್ರೇ."

ಹರಿಕೇನ್ ಓಡ್ತು, ಬಾಲ ಎತ್ತಿತು, ನೆಲ ಬಿಡ್ತು. ಆಹಾ, ಹಾರಿದ್ದು ಹೆಂಗೆ ಅಂತೀರಿ! ಹಾರೋದು ಹೆಂಗೆ ಅಂತ ಕಲಿಯೋಕೆ ಗಿಡುಗಗಳು ಮರದ ಮೇಲೆ ಸಾಲಾಗಿ ಬಂದು ಕೂತ್ವು.

ಮೊದಲ ಸುತ್ತಿಗೆ ರಂಗಧಾಮ ಹೇಳ್ತಾನೇ ಇದ್ದ. "ಹೋಗ್ತಾ ಇದೆ ಮೇಷ್ಟ್ರೇ. ತಿರುಗ್ತಾ ಇದೆ. ಈಗ ಬರ್ತಾ ಇದೆ." ಎರಡನೇ ಸುತ್ತಿಗೆ ಅವನ ಕಣ್ಣು ಓರೆಯಾಯ್ತು. ತೀರ್ಪುಗಾರರ ಮೇಜು ಪಕ್ಕದಲ್ಲೇ ಇತ್ತು. ದೊಡ್ಡ ತೀರ್ಪುಗಾರರು ಪೆನ್ನು ಎತ್ತಿದ್ರು. ಪಕ್ಕದ ತೀರ್ಪುಗಾರರ ಕಿವೀಲಿ ಏನೋ ಅಂದ್ರು. ಅವರು ತಲೆ ಆಡಿಸಿದ್ರು. ಒಳ್ಳೇದೋ ಕೆಟ್ಟದ್ದೋ? ರಂಗಧಾಮ ಕತ್ತು ಉದ್ದ ಮಾಡಿದ.

"ರಂಗಾ, ಬರ್ತಾ ಇದ್ಯಾ, ಹೋಗ್ತಾ ಇದ್ಯಾ?"

ಪೆನ್ನು ಕಾಗದದ ಮೇಲೆ ಓಡ್ತಾ ಇತ್ತು.

"ರಂಗಾ?"

"ಬರ್ತಾ ಇದೆ ಮೇಷ್ಟ್ರೇ," ಅಂದ ರಂಗಧಾಮ. ತಿರುಗಿ ನೋಡದೇ ಅಂದ. ಇಷ್ಟು ಹೊತ್ತಿಗೆ ಬರ್ತಾ ಇರಬೇಕು ಅಂತ ಅಂದಾಜಲ್ಲಿ ಅಂದ.

ಅದು ಹೋಗ್ತಾ ಇತ್ತು.

ಮೇಷ್ಟ್ರು ಶಿಷ್ಯನ ಮಾತು ನಂಬಿ ಕಡ್ಡಿ ಒತ್ತಿದ್ರು. ಇಂಜಿನ್ ಸದ್ದು ಒಂಥರಾ ಆಯ್ತು. ಜನ "ಓ" ಅಂದ್ರು. ಆಗ ರಂಗಧಾಮ ತಿರುಗಿದ. ಆಕಾಶ ನೋಡಿದ. ಏನೂ ಇಲ್ಲ. ಬರೀ ಆಕಾಶ. ಕೈ ಅಡ್ಡ ಹಿಡಿದು ಹುಡುಕಿದ, ಎಡಕ್ಕೆ ಹುಡುಕಿದ, ಬಲಕ್ಕೆ ಹುಡುಕಿದ. ಅವನ ಎರಡೂ ಕಣ್ಣು ಗಟ್ಟಿಯಾಗಿದ್ವು, ಆದ್ರೂ ಒಂದು ಸಲ ಕಣ್ಣು ತಪ್ಪಿದ್ದು ಮತ್ತೆ ಕಾಣಲಿಲ್ಲ. ಅಷ್ಟು ಚೆನ್ನಾಗಿ ಬಳಿದಿದ್ದ.

"ಎಲ್ಲಿ ಐತೆ ರಂಗಾ? ಎಲ್ಲೋ?"

ರಂಗಧಾಮ ಇನ್ನೂ ಹುಡುಕ್ತಾನೇ ಇದ್ದ.

ತೊಗರಿ ಹೊಲದಿಂದ ಒಂದು ಸದ್ದು ಬಂತು. ಒಣಗಿದ ಕಟ್ಟಿಗೆ ಹೊರೆಯನ್ನ ತಲೆಯಿಂದ ಎತ್ತಿ ಹಾಕಿದಂಥ ಸದ್ದು. ಅಷ್ಟೇ.

ಜನ ಓಡಿದ್ರು. ಮೇಷ್ಟ್ರು ಓಡಲಿಲ್ಲ. ರಂಗಧಾಮನ ತೋಳು ಹಿಡ್ಕೊಂಡು, ಬದುವಿನ ಮೇಲೆ ಕಾಲಲ್ಲಿ ತಡವ್ತಾ ತಡವ್ತಾ ನಡೆದ್ರು. ಹಂಗೆ ಅವರು ತೋಳು ಹಿಡಿದಿದ್ದು ಅದೇ ಮೊದಲು. ಆಗ ರಂಗಧಾಮ ಅವರ ಕಣ್ಣನ್ನ ನೋಡಿದ. ಕಣ್ಣಗುಡ್ಡೆ ಮೇಲೆ ಹಾಲಿನ ಕೆನೆ ಕಟ್ಟಿದ ಹಂಗಿತ್ತು.

"ಮೇಷ್ಟ್ರೇ, ಯಾವಾಗಿಂದ?"

"ಹೋದ ಮಳೆಗಾಲದಿಂದ. ಹಳದಿ ಕಾಣುತ್ತೆ, ಕೆಂಪು ಕಾಣುತ್ತೆ. ಬೂದಿ ಬಣ್ಣ ಮಾತ್ರ ಆಕಾಶದಲ್ಲಿ ಕಲಸಿ ಹೋಗುತ್ತೆ ಕಣೋ."

"ಒಂದು ಮಾತು ಹೇಳಬಾರ್ದಿತ್ತಾ?"

"ಹೇಳಿದ್ರೆ ನೀನು ರಿಮೋಟ್ ಇಸ್ಕೊತಿದ್ದೆ. ಇಸ್ಕೊಬೇಕಾಗಿದ್ದೇ ನ್ಯಾಯ. ಇದೊಂದನ್ನ ಹಾರಿಸಿ ಬಿಟ್ಟುಬಿಡೋಣ ಅಂದ್ಕೊಂಡಿದ್ದೆ. ನಿಂದು ಅಂತ."

ಹೊಲದ ಮಧ್ಯೆ ಹರಿಕೇನ್ ಬಿದ್ದಿತ್ತು. ರೆಕ್ಕೆ ಒಂದು ಕಡೆ, ಬಾಲ ಒಂದು ಕಡೆ. ಇಂಜಿನ್ ಮಣ್ಣಲ್ಲಿ ಹೂತು ಬಿಸಿಗೆ ಚಿಟಚಿಟ ಅಂತಿತ್ತು. ಮೇಷ್ಟ್ರು ಕೂತ್ಕೊಂಡ್ರು. ಒಂದು ಚೂರು ಎತ್ತಿ ತೊಡೆ ಮೇಲಿಟ್ಟುಕೊಂಡು, ರಿವೆಟ್ ಸಾಲಿನ ಮೇಲೆ ಬೆರಳು ಓಡಿಸಿದ್ರು. ಆಮೇಲೆ ತಲೆ ಎತ್ತಿ, ಮಗು ಕತೆ ಕೇಳೋ ಹಂಗೆ ಕೇಳಿದ್ರು:

"ರಂಗಾ, ನೆಲ ಬಿಟ್ಟ ಮೇಲೆ ನಂಗೆ ಏನೂ ಕಾಣಲಿಲ್ಲ ಕಣೋ. ಸದ್ದು ಕೇಳಿಕೊಂಡು, ನಿನ್ನ ಮಾತು ಹಿಡ್ಕೊಂಡು ಹಾರಿಸಿದ್ದು. ಆ ಎರಡನೇ ಸುತ್ತು ಐತಲ್ಲ, ಅಲ್ಲಿ ವಾಲಿಸಿಕೊಂಡು ತಿರುಗಿಸ್ದೆ. ನನ್ನ ಕೈಗೆ ಬಾಳ ಚೆನ್ನಾಗಿ ಬಂದಂಗಾಯ್ತು. ನೋಡೋಕೆ ಹೆಂಗಿತ್ತು? ಹೇಳೋ. ಇನ್ನು ನಾನು ಹಾರಿಸಲ್ಲ."

ರಂಗಧಾಮ ಸುಳ್ಳು ಹೇಳೋಣ ಅಂತ ಬಾಯಿ ತೆಗೆದ. ಗರುಡ ತಿರುಗಿದ ಹಂಗಿತ್ತು ಮೇಷ್ಟ್ರೇ ಅಂದ್ರೆ ಮುಗೀತಿತ್ತು. ಮುದುಕ ಆ ಮಾತನ್ನ ಮಡಿಲಲ್ಲಿ ಕಟ್ಕೊಂಡು ಮನೆಗೆ ಹೋಗ್ತಿದ್ರು. ಆದ್ರೆ ಒಂದು ಸಲ ನೋಡದೇ ಮಾತಾಡಿದ್ದರ ಫಲ ಎದುರಿಗೇ ಚೂರು ಚೂರಾಗಿ ಬಿದ್ದಿತ್ತು.

"ನಾನು ನೋಡಲಿಲ್ಲ ಮೇಷ್ಟ್ರೇ. ಅವರ ಪೆನ್ನು ನೋಡ್ತಾ ಇದ್ದೆ. ಬರ್ತಾ ಇದೆ ಅಂದಿದ್ದೂ ನೋಡಿ ಅಂದಿದ್ದಲ್ಲ."

ಮೇಷ್ಟ್ರು ಬೈಯಲಿಲ್ಲ. ಬೈದಿದ್ರೆ ರಂಗಧಾಮ ಬದುಕ್ಕೊಳ್ತಿದ್ದ. ತೊಡೆ ಮೇಲಿನ ಚೂರನ್ನ ಮೆಲ್ಲಗೆ ಮಣ್ಣಿಗಿಟ್ರು.

"ಅಷ್ಟು ಜನ ನೋಡಿದ್ರಲ್ಲೋ," ಅಂದ್ರು. "ಊರೆಲ್ಲಾ ನೋಡ್ತು. ಕಟ್ಟಿದ ನೀನು ನೋಡಲಿಲ್ಲ. ಹಾರಿಸಿದ ನಾನೂ ನೋಡಲಿಲ್ಲ."

ಹೊಲದಾಚೆ ಮೈಕಲ್ಲಿ ಮುಂದಿನ ವಿಮಾನದೋರ ಹೆಸರು ಕೂಗ್ತಾ ಇದ್ರು. ರಂಗಧಾಮ ಬಗ್ಗಿ ಒಂದೊಂದೇ ಚೂರು ಆರಿಸೋಕೆ ಶುರು ಮಾಡಿದ. ಹಸಿರು ತೊಗರಿ, ಕಂದು ಮಣ್ಣು. ಅರ್ಧಕ್ಕರ್ಧ ಚೂರು ಅವನಿಗೆ ಸಿಗಲೇ ಇಲ್ಲ.

ನೀತಿ: ಶತ್ರುವಿನ ಕಣ್ಣಿಗೆ ಕಾಣದಂಗೆ ಬಳಿದ ಬಣ್ಣ ನಮ್ಮವರ ಕಣ್ಣಿಗೂ ಕಾಣಲ್ಲ. ಹಿರಿಯರು ಒಂದು ಸಣ್ಣ ವಿಷಯಾನ ಮೂರು ಸಲ ಕೇಳಿದ್ರೆ ಅದು ಸಣ್ಣದಲ್ಲ, ಯಾಕೆ ಅಂತ ನೀವೇ ಕೂತು ಕೇಳಿ. ನಿಮ್ಮ ಕಷ್ಟಾನ ತಮಾಷೇಲಿ ಸುತ್ತಿ ಕೊಡಬೇಡಿ, ಬಿಚ್ಚಿ ನೋಡೋ ಪುರುಸೊತ್ತು ಎಲ್ಲರಿಗೂ ಇರಲ್ಲ. ಮತ್ತೆ, ನಿಮ್ಮ ಮಾತು ನಂಬಿ ಒಬ್ಬರು ಕೈ ಆಡಿಸ್ತಾ ಇದ್ರೆ, ತಿರುಗಿ ನೋಡಿ ಆಮೇಲೆ ಮಾತಾಡಿ.